ಭೀಮಕ್ಕ ಕಡೆಗೆ ಉಣ್ಣುತ್ತಿದ್ದಳು

ಭೀಮಕ್ಕನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಮೇಲೇ ಸಿಟ್ಟು ಬರುತ್ತದೆ. ಹದಿನೈದು ವರ್ಷದಿಂದ ಅವಳು ನಮ್ಮ ಹಿತ್ತಲಿಗೆ ಹೊಂದಿಕೊಂಡ ಸಾಲುಮನೆಯಲ್ಲಿದ್ದಾಳೆ. ನಮ್ಮ ಅಡುಗೆಮನೆಯ ಕಿಟಕಿಗೆ ಅವಳ ಅಡುಗೆಮನೆಯ ಕಿಟಕಿ ಎದುರು, ನಡುವೆ ಒಂದು ನೀರಿನ ತೊಟ್ಟಿ ಅಷ್ಟೆ. ಅವಳು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ಆದೋನಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಣ್ಣು ಬಿಟ್ಟು ನೋಡಿ ಎಂದು ಗದರುತ್ತಾ ಬಂದ ಹೇಮಾವತಿ ಟೀಚರು ಎಂಬ ನನಗೆ ಆ ಕಿಟಕಿಯಾಚೆ ನಡೆಯುತ್ತಿದ್ದುದು ಮಾತ್ರ ಕಾಣಲಿಲ್ಲ. ಕಂಡಾಗ ತಡವಾಗಿತ್ತು.

ಭೀಮಕ್ಕ ಕೌತಾಳಂ ಕಡೆಯ ಕುರಿ ಸಾಕುವ ಮನೆತನದವಳು, ಆರು ಮಕ್ಕಳಲ್ಲಿ ನಾಲ್ಕನೆಯವಳು. ಶಾಲೆಗೆ ಹೋದವಳಲ್ಲ. ಗಂಡ ಉಚ್ಚೀರಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಬೇಲು ಹೊರುವ ಹಮಾಲಿ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವರ ಒಬ್ಬಳೇ ಮಗಳು ನಾಗಜ್ಯೋತಿಗೆ ಏಳು ವರ್ಷವಿದ್ದಾಗ ಬೆನ್ನ ಮೇಲಿನ ಬೇಲು ಜಾರಿ ಅವನ ಸೊಂಟ ಮುರಿಯಿತು. ಎರಡು ವರ್ಷ ಹಾಸಿಗೆ ಹಿಡಿದ. ಎದ್ದಮೇಲೂ ಭಾರ ಎತ್ತುವಂತಿರಲಿಲ್ಲ. ಅಂದಿನಿಂದ ಬಾಗಿಲಲ್ಲಿ ಕೂತು ಮಂಚಗಳಿಗೆ ನವಾರು ನೇಯುತ್ತಾನೆ, ಯಾರಾದರೂ ಮಂಚ ತಂದರೆ. ಮನೆ ನಡೆದದ್ದು ಭೀಮಕ್ಕನ ಕೈಯಿಂದ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸಿ ಯಂತ್ರದ ಬಾಯಿಗೆ ಹಾಕುವ ಕೆಲಸ ಅವಳದು. ಸಂಜೆ ಬರುವಾಗ ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಬಿಳಿ ಬಿಳಿ. ಇಷ್ಟು ಬೇಗ ಮುದುಕಿಯಾದೆಯಲ್ಲೇ ಎಂದು ಓಣಿಯ ಹೆಂಗಸರು ಚುಡಾಯಿಸಿದರೆ ಅವಳೂ ನಕ್ಕು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಅವಳು ಓಣಿಗೆಲ್ಲ ಹೆಸರುವಾಸಿಯಾದದ್ದು ಲಾಕ್‌ಡೌನಿನಲ್ಲಿ. ಮಿಲ್ಲುಗಳು ಒಂದೇ ದಿನ ಬಾಗಿಲು ಹಾಕಿದವು. ನಮ್ಮ ಓಣಿಯಲ್ಲಿ ತಿಂಗಳ ಸಂಬಳ ತಪ್ಪದೆ ಬರುತ್ತಿದ್ದುದು ನನಗೊಬ್ಬಳಿಗೇ. ಪಾಠ ಕಳಿಸಲೆಂದು ತಾಯಂದಿರ ವಾಟ್ಸಾಪ್ ಗುಂಪೊಂದನ್ನು ಮಾಡಿದ್ದೆ. ಪಾಠವನ್ನು ಯಾರೂ ತಿರುಗಿ ನೋಡಲಿಲ್ಲ, ಹೊಟ್ಟೆಯ ಚಿಂತೆ ಇದ್ದವರಿಗೆ ಮಗ್ಗಿ ಯಾರಿಗೆ ಬೇಕು. ಒಂದು ಬೆಳಿಗ್ಗೆ ಆ ಗುಂಪಿನಲ್ಲಿ ಭೀಮಕ್ಕನ ದನಿ ಬಂತು. ಬರೆಯಲು ಬಾರದವಳು ಮಗಳ ಫೋನಿನಲ್ಲಿ ಗುಂಡಿ ಒತ್ತಿ ಹಿಡಿದು ಮಾತಾಡಿದ್ದಳು.

"ಅಕ್ಕಾರಾ, ಎಣ್ಣಿ ಪ್ಯಾಕೆಟ್ ಖಾಲಿ ಆತಂತ ಒಗೀಬ್ಯಾಡ್ರಿ. ಕತ್ತರಿಲೆ ಸೀಳಿ, ಒಳಗ ಚಪಾತಿ ಹಿಟ್ಟು ತಿಕ್ಕ್ರಿ. ಎರಡು ಚಪಾತಿಗೆ ಆಗೋವಷ್ಟು ಎಣ್ಣಿ ಅದರಾಗ ಕುಂತಿರತೈತಿ. ಅಂತೇ."

ಮಾತು ಮುಗಿಯಿತು ಎನ್ನುವುದಕ್ಕೆ ಅವಳು ತೆಲುಗಿನ ಈ 'ಅಂತೇ' ಅನ್ನುತ್ತಿದ್ದಳು. ಅಂದಿನಿಂದ ದಿನಕ್ಕೊಂದು ಬರತೊಡಗಿತು. ಹುಣಸೆಹಣ್ಣು ಹಿಂಡಿದ ಚರಟವನ್ನು ಬಿಸಾಡಬೇಡಿ, ತಂಬಿಗೆ ತಿಕ್ಕಲು ಬರುತ್ತದೆ. ಸೋಪಿನ ಚೂರುಗಳನ್ನು ಹಳೆ ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ, ಹದಿನೈದು ದಿನ ಮೈ ತೊಳೆಯಬಹುದು. ಮೊಳೆತ ಉಳ್ಳಾಗಡ್ಡಿಯನ್ನು ಬೈದು ಎಸೆಯುವ ಬದಲು ಡಬ್ಬಿಯಲ್ಲಿ ಮಣ್ಣು ಹಾಕಿ ಊರಿ, ಸೊಪ್ಪು ಬರುತ್ತದೆ. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಉಗ್ಗಾಣಿ ಮಕ್ಕಳ ಹೊಟ್ಟೆಯನ್ನು ಅನ್ನಕ್ಕಿಂತ ಬೇಗ ತುಂಬಿಸುತ್ತದೆ. ಎಲ್ಲಕ್ಕಿಂತ ಹೆಸರು ಮಾಡಿದ್ದು ಅವಳ ಹತ್ತಿ ಪೆಟ್ಟಿಗೆ. ಮಿಲ್ಲಿನ ರದ್ದಿ ಹತ್ತಿಯನ್ನು ಹಳೆಯ ಮರದ ಪೆಟ್ಟಿಗೆಗೆ ದಪ್ಪಗೆ ತುಂಬಿ, ಒಂದು ಕುದಿ ಬಂದ ಬೇಳೆಯ ಪಾತ್ರೆಯನ್ನು ಅದರೊಳಗೆ ಹೂತು, ಮೇಲೆ ಕೌದಿ ಮುಚ್ಚುತ್ತಿದ್ದಳು. ಎರಡು ತಾಸಿಗೆ ಬೇಳೆ ತಾನಾಗಿ ಬೆಂದಿರುತ್ತಿತ್ತು. ಗ್ಯಾಸ್ ಸಿಲಿಂಡರ್ ಎರಡು ತಿಂಗಳು ಹೆಚ್ಚಿಗೆ ಬಂತೆಂದು ಓಣಿ ಬೆರಗಾಯಿತು. ನಾನೂ ಒಂದು ಮಾಡಿಸಿಕೊಂಡೆ. ನನಗೆ ಅದು ಮೋಜಿನ ಆಟ.

ನಾವು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳುವುದಕ್ಕೆ ಏನೂ ಖರ್ಚಿಲ್ಲವಲ್ಲ. ಶಾಲೆಯಲ್ಲಿ ಕೂಡ ಅವಳ ಉಪಾಯಗಳನ್ನು ಹೇಳಿ ನಾನು ಜಾಣೆ ಅನ್ನಿಸಿಕೊಂಡೆ. ಊಟವಾಯಿತೇ ಎಂದು ಕಿಟಕಿಯಿಂದ ಕೇಳಿದರೆ ಅವಳು ಯಾವಾಗಲೂ ಕೊಡುತ್ತಿದ್ದ ಉತ್ತರ ಒಂದೇ, ಈಗ ಕೈ ತೊಳೆದೆ ಅನ್ನುವುದು. ನಮ್ಮ ಕಡೆ ಹೆಂಗಸರು ಉಳಿದವರಿಗೆಲ್ಲ ಬಡಿಸಿ, ಕಡೆಗೆ ಒಲೆಯ ಹತ್ತಿರ ಒಬ್ಬರೇ ಕೂತು ಉಣ್ಣುವುದು ರೂಢಿ. ಆಗ ಅತ್ತ ಯಾರೂ ಹೋಗುವುದಿಲ್ಲ, ಉಣ್ಣುವವಳನ್ನು ನೋಡಬಾರದು ಎಂಬ ಮರ್ಯಾದೆ. ಆ ಮರ್ಯಾದೆಯನ್ನು ನಾನೂ ಚೆನ್ನಾಗಿಯೇ ಪಾಲಿಸಿದೆ.

ಮಿಲ್ಲು ಮತ್ತೆ ತೆರೆಯಿತು. ಆದರೆ ಹೊಸ ಯಂತ್ರಗಳು ಬಂದು ಅರ್ಧದಷ್ಟು ಹೆಂಗಸರನ್ನು ಬಿಡಿಸಿದರು, ಅವರಲ್ಲಿ ಭೀಮಕ್ಕನೂ ಒಬ್ಬಳು. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ರೊಟ್ಟಿ ಬಡಿದು ಕೊಟ್ಟು ದಿನ ನೂಕಿದಳು. ಆ ನಡುವೆಯೇ ನಾಗಜ್ಯೋತಿಯ ಮದುವೆಯಾಯಿತು. ಹುಡುಗ ಸುಂಕೇಶ, ತುಂಗಭದ್ರೆಯ ದಂಡೆಯ ನಾಗಲದಿನ್ನೆಯವನು, ತರಕಾರಿ ಸಾಗಿಸುವ ಆಟೋ ಓಡಿಸುತ್ತಿದ್ದ. ಮನೆ ತುಂಬ ಜನ, ಒಟ್ಟು ಏಳು ತಟ್ಟೆ. ಅತ್ತೆ ಜಂಬಮ್ಮ ಕೆಟ್ಟವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಈ ಕತೆಯಲ್ಲಿ ಬೈಯಲು ಒಬ್ಬ ಕೆಟ್ಟ ಅತ್ತೆಯಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಾಗಜ್ಯೋತಿ ಬಸುರಿಯಾದ ಎರಡನೇ ತಿಂಗಳಲ್ಲಿ ಸುಂಕೇಶನ ಆಟೋ ಹೊಲದ ಬದುವಿಗೆ ಉರುಳಿ ಅವನ ಕಾಲು ಮುರಿಯಿತು. ಏಳು ತಟ್ಟೆಗೆ ದುಡಿಯುವ ಕೈ ನಿಂತುಹೋಯಿತು. ಆ ದಿನಗಳಲ್ಲೇ ಜಂಬಮ್ಮ ಬೀಗಿತಿಗೆ ಫೋನು ಮಾಡಿ ಸೊಸೆಯನ್ನು ಕೊಂಡಾಡಿದಳು. ಐದು ಮಂದಿಗೆ ಆಗುವ ಅಕ್ಕಿಯಲ್ಲಿ ಏಳು ಮಂದಿಗೆ ಬಡಿಸುತ್ತಾಳೆ, ಯಾರಿಗೂ ಕಡಿಮೆಯಾಯಿತು ಅನ್ನಿಸುವುದಿಲ್ಲ, ಇಂಥ ಸೊಸೆ ಊರಲ್ಲೇ ಇಲ್ಲ ಎಂದಳಂತೆ. ಭೀಮಕ್ಕ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು. ನನ್ನ ಮನೆಗೂ ಬಂದು ಹೇಳಿದಳು. ತಾನು ಏನೂ ಕೊಟ್ಟು ಕಳಿಸಲಿಲ್ಲ, ಆದರೂ ಮಗಳು ತನ್ನ ಕೈಗುಣ ಒಯ್ದಿದ್ದಾಳೆ ಎಂದಳು. ಅವಳ ಮುಖದಲ್ಲಿ ಅಷ್ಟು ಹಿಗ್ಗನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾನು ಸಕ್ಕರೆ ತಂದು ಅವಳ ಬಾಯಿಗೆ ಹಾಕಿದೆ.

ಏಳನೇ ತಿಂಗಳಿಗೆ ಉಡಿ ತುಂಬಿ ಮಗಳನ್ನು ತವರಿಗೆ ಕರೆತಂದರು. ಬಸ್ಸಿನಿಂದ ಇಳಿದವಳ ಕೈಚೀಲವನ್ನು ನಾನೇ ಓಡಿ ಇಸಿದುಕೊಂಡೆ. ಹೊಟ್ಟೆಯೊಂದು ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ತುಟಿ ಬೆಳ್ಳಗಾಗಿತ್ತು. ಮರುದಿನ ನಮ್ಮ ವಾರ್ಡಿನ ನರ್ಸು ಶ್ರಾವಣಿ ಬಂದು ರಕ್ತ ನೋಡಿದಳು, ತೂಕ ನೋಡಿದಳು, ತಾಯಿ ಮಗಳ ಜೊತೆ ನನ್ನನ್ನೂ ಮಾಡಿ ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಹನ್ನೊಂದಿರಬೇಕಾದ ರಕ್ತ ಏಳೇ ಇದೆ. ಕೂಸು ಇರಬೇಕಾದಷ್ಟು ಬೆಳೆದಿಲ್ಲ. ಎರಡು ತಿಂಗಳೊಳಗೆ ತಾಯಿಯ ಮೈಗೆ ರಕ್ತ ಬರಬೇಕು, ಕೂಸು ತುಂಬಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರಲ್ಲಿ ಯಾರ ಭರವಸೆಯನ್ನೂ ಕೊಡಲಾರೆ ಎಂದರು. ಗುಳಿಗೆ ಕೊಟ್ಟರು, ಸೂಜಿ ಬರೆದರು. ಗುಳಿಗೆ ಸೂಜಿಯಿಂದಷ್ಟೇ ಆಗುವುದಿಲ್ಲ, ಹೊಟ್ಟೆ ತುಂಬ ಉಣ್ಣಬೇಕು ಎಂದು ಮೂರು ಸಲ ಹೇಳಿದರು.

ಭೀಮಕ್ಕ ಅಂದು ಮನೆಗೆ ಬಂದವಳೇ ತನ್ನ ಉಳಿತಾಯದ ಬುದ್ಧಿಯನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಇನ್ನೂ ಮೂರು ಮನೆಯ ರೊಟ್ಟಿ ಕೆಲಸ ಹಿಡಿದಳು. ಕೈಯ ಬೆಳ್ಳಿ ಕಡಗ ಕಾಣೆಯಾಯಿತು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮೊಟ್ಟೆ, ಪುಂಡಿಪಲ್ಲೆ, ಬೇಳೆ, ಸಂಜೆಗೆ ಶೇಂಗಾ ಉಂಡೆ. ರಕ್ತ ಬರಲೆಂದು ವಾರಕ್ಕೊಮ್ಮೆ ಕುರಿಯ ಕಲೀಜ ತಂದಳು. ನನ್ನ ಮನೆಯಿಂದ ಹಾಲು ಹೋಗುತ್ತಿತ್ತು. ಮಗಳಿಗೆ ಬೇಯಿಸಿಟ್ಟು ಅವಳು ಕೆಲಸದ ಮನೆಗಳಿಗೆ ಓಡುತ್ತಿದ್ದಳು. ತಿರುಗಿ ಬಂದಾಗ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಹದಿನೈದು ದಿನ ಕಳೆದು ಶ್ರಾವಣಿ ಮತ್ತೆ ನೋಡಿದರೆ ರಕ್ತ ಏಳರಿಂದ ಏಳೂಕಾಲಿಗೆ ಏರಿತ್ತು, ಅಷ್ಟೆ. ತೂಕ ಎಳ್ಳಷ್ಟೂ ಏರಿರಲಿಲ್ಲ. ಇಷ್ಟೆಲ್ಲ ಉಂಡರೂ ಮೈಗೆ ಹತ್ತುತ್ತಿಲ್ಲ ಎಂದು ಭೀಮಕ್ಕ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ನಾನು ಜಂತುಹುಳುವಿನ ಅನುಮಾನ ಹೇಳಿದೆ. ಓದಿದವಳಲ್ಲವೇ, ಏನಾದರೂ ಹೇಳಬೇಕಲ್ಲ.

ಮೂರನೇ ವಾರದ ಒಂದು ಮಧ್ಯಾಹ್ನ ಶಾಲೆಗೆ ರಜೆ. ನಾನು ತೊಟ್ಟಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ಭೀಮಕ್ಕ ಅಂದು ಒಂದು ಮನೆಯವರು ಊರಿಗೆ ಹೋಗಿದ್ದರಿಂದ ಬೇಗ ಬಂದು, ನನ್ನ ಜೊತೆ ಮಾತಿಗೆ ನಿಂತಳು. ಒಳಗೆ ನಾಗಜ್ಯೋತಿ ಒಬ್ಬಳೇ ಊಟಕ್ಕೆ ಕೂತಿದ್ದಳು. ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿತು. ಆಮೇಲೆ ತಟ್ಟೆಗೆ ಬಳೆ ತಾಗಿದ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಸೌಟು, ಆಮೇಲೆ ಕೈ ತೊಳೆದ ನೀರು. ನನಗೆ ಅದು ದಿನನಿತ್ಯದ ಸದ್ದು, ಹದಿನೈದು ವರ್ಷದಿಂದ ನನ್ನ ಕಿಟಕಿಯಲ್ಲಿ ಕೇಳುತ್ತಲೇ ಬಂದದ್ದು. ಆದರೆ ಭೀಮಕ್ಕ ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ಅವಳು ಸೀದಾ ಒಳಗೆ ಹೋದಳು. ಏನೋ ಆಯಿತೆಂದು ನಾನೂ ಹಿಂದೆ ಹೋದೆ.

ಅವಳು ಮಗಳನ್ನು ನೋಡಲಿಲ್ಲ. ಪಾತ್ರೆಯ ಮುಚ್ಚಳ ತೆಗೆದಳು. ಅನ್ನ ಬೆಳಿಗ್ಗೆ ಬೇಯಿಸಿಟ್ಟಷ್ಟೇ ಇತ್ತು. ಬೇಳೆ ಇದ್ದಷ್ಟೇ ಇತ್ತು. ಮಗಳಿಗೆಂದು ಇಟ್ಟ ಮೊಟ್ಟೆ ಬೇಳೆಯ ಕೆಳಗೆ ಮುಳುಗಿ ಕೂತಿತ್ತು. ಸೌಟು ಪಕ್ಕದ ಖಾಲಿ ಪಾತ್ರೆಯಲ್ಲಿತ್ತು, ಒಲೆಕಟ್ಟೆಯ ಅಂಚಿನಲ್ಲಿದ್ದ ತಟ್ಟೆ ಮಾತ್ರ ತೊಳೆದು ಒದ್ದೆಯಾಗಿತ್ತು. ಆ ಸದ್ದು ಭೀಮಕ್ಕನದೇ. ಗಂಡ ಹಾಸಿಗೆ ಹಿಡಿದ ಕಾಲದಿಂದ, ಮಿಲ್ಲು ಮುಚ್ಚಿದ ಕಾಲದಲ್ಲಿ, ಕಡಿಮೆ ಬಿದ್ದ ದಿನವೆಲ್ಲ ಅವಳು ಬರಿ ಪಾತ್ರೆಯ ತಳ ಕೆರೆದು, ಬರಿ ತಟ್ಟೆಗೆ ಬಳೆ ತಾಗಿಸಿ, ಕೈ ತೊಳೆದು ಎದ್ದಿದ್ದಳು. ಹೊರಗಿದ್ದವರು ಅವ್ವ ಉಂಡಳು ಅಂದುಕೊಂಡರು. ಕಿಟಕಿಯಾಚೆಯ ನಾನೂ ಅಂದುಕೊಂಡೆ. ಓಣಿಗೆ ಹೇಳದೆ ತನ್ನಲ್ಲೇ ಇಟ್ಟುಕೊಂಡ ಉಪಾಯ ಅದೊಂದೇ.

"ಇದು ನಿನಗ ಯಾರು ಕಲಿಸಿದ್ರು?" ಎಂದಳು ಭೀಮಕ್ಕ.

ನಾಗಜ್ಯೋತಿ ತಲೆ ತಗ್ಗಿಸಿಯೇ ಹೇಳಿದಳು. "ಯಾರು ಕಲಿಸ್ತಾರವ್ವ. ಅಪ್ಪ ಮಲಗಿದ್ದಾಗ ಬಾಗಿಲ ಸಂದ್ಯಾಗಿಂದ ನೋಡೀನಿ. ನಾ ಸಣ್ಣಾಕಿ, ಹೇಳಾಕ ಬರಲಿಲ್ಲ. ಅತ್ತಿ ಮನ್ಯಾಗ ಕಮ್ಮಿ ಬಿದ್ದಾಗ ಇದೊಂದ ಗೊತ್ತಿತ್ತು, ಮಾಡಿದೆ."

ಅಲ್ಲಿ ಮಾಡಿದೆ ಸರಿ, ಇಲ್ಲಿ ತುಂಬಿದ ಪಾತ್ರೆ ಮುಂದಿಟ್ಟರೂ ಯಾಕೆ ಎಂದು ನಾನು ರೇಗಿದೆ. ಅವಳು ಅವ್ವನ ಕಡೆ ಕೈ ಮಾಡಿದಳು. "ಆಕಿ ಉಣ್ಣೋದಿಲ್ಲ ಟೀಚರಮ್ಮ. ನಾ ಬಂದಾಗಿಂದ ದಿನಾ ಪಾತ್ರಿ ಕೆರೀತಾಳ. ಆಕಿ ಪಾಲು ನಾ ಹೆಂಗ ಉಣ್ಣಲಿ?"

ಮಗಳು ತಾಯಿಗೆಂದು ಉಳಿಸಿದಳು. ತಾಯಿ, ಮಗಳು ಉಂಡು ಮಿಕ್ಕದ್ದು ಎಂದುಕೊಂಡು, ಅದನ್ನೇ ಬಿಸಿ ಮಾಡಿ ರಾತ್ರಿಗೆ ಮಗಳ ಮುಂದಿಟ್ಟಳು. ಮೂರು ವಾರ ಒಂದೇ ಊಟ ಇಬ್ಬರ ನಡುವೆ ಓಡಾಡಿತು, ಕಡೆಗೆ ಉಚ್ಚೀರಪ್ಪನ ತಟ್ಟೆಗೋ ಓಣಿಯ ಹಸುವಿನ ಬಾನಿಗೋ ಹೋಯಿತು. ಭೀಮಕ್ಕ ನೆಲಕ್ಕೆ ಕೂತು ಎರಡೂ ಕೈಯಿಂದ ಬಾಯಿ ಬಡಿದುಕೊಂಡಳು. ಬಾಯಲ್ಲಿ ಹೇಳಿದ್ದನ್ನೆಲ್ಲ ಓಣಿ ಕಲಿಯಿತು, ಹೇಳಲಾರದ್ದನ್ನು ಮಗಳು ಕಲಿತಳು ಎಂದು ಅತ್ತಳು. ಬಾಗಿಲಲ್ಲಿ ನವಾರು ಹಿಡಿದು ಕೂತಿದ್ದ ಉಚ್ಚೀರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಅವನು ಒಳಗೆ ಬರಲಿಲ್ಲ. ನವಾರನ್ನು ನೆಲಕ್ಕಿಟ್ಟು ಗೋಡೆಯ ಕಡೆ ತಿರುಗಿ ಕೂತ.

ಅಂದಿನಿಂದ ನಾನೇ ಎದುರಿಗೆ ಕೂತು ನಾಗಜ್ಯೋತಿಗೆ ಉಣ್ಣಿಸಿದೆ. ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಹುಡುಗಿ ಉಂಡಳು, ಪಾಪ, ಹೇಳಿದಷ್ಟೂ ಉಂಡಳು. ತುಟಿಗೆ ಸ್ವಲ್ಪ ಬಣ್ಣ ಬಂತೆಂದು ಶ್ರಾವಣಿಯೂ ಹೇಳಿದಳು. ಆದರೆ ಐದು ತಿಂಗಳು ಕಳೆದುಕೊಂಡದ್ದು ಹತ್ತು ದಿನದಲ್ಲಿ ಹಿಂದೆ ಬರುವುದಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ನೋವು ಕಾಣಿಸಿತು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದರು. ತಾಯಿ ಉಳಿದಳು. ಹೆಣ್ಣು ಕೂಸು ಹುಟ್ಟಿತು, ನನ್ನ ಅಂಗೈಗೆ ಸ್ವಲ್ಪ ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಡಾಕ್ಟರು, ನರ್ಸುಗಳು ಮಾಡಬೇಕಾದ್ದನ್ನೆಲ್ಲ ಮಾಡಿದರು. ಮರುದಿನ ಮಧ್ಯಾಹ್ನದವರೆಗೆ ಇತ್ತು. ಕಾಲಿಗೆ ಕಂಬಿ ಹಾಕಿಸಿಕೊಂಡಿದ್ದ ಸುಂಕೇಶ ಕೋಲೂರಿಕೊಂಡು ಬರುವುದರೊಳಗೆ ಹೋಗಿತ್ತು. ಜಂಬಮ್ಮ ಬಂದು ಸೊಸೆಯ ಕಾಲು ಹಿಡಿದು, ನನಗೆ ತಿಳಿಯಲಿಲ್ಲವ್ವ, ನನಗೆ ತಿಳಿಯಲಿಲ್ಲ ಎಂದು ಅತ್ತಳು. ನಮಗಾರಿಗೂ ತಿಳಿಯಲಿಲ್ಲ. ಆ ಸದ್ದು ಇದ್ದದ್ದೇ ನಮಗೆ ತಿಳಿಯಬಾರದೆಂದು.

ಮಣ್ಣು ಮಾಡಿ ಬಂದಮೇಲೆ ನಾಗಜ್ಯೋತಿ ಅನ್ನ ಮುಟ್ಟಲಿಲ್ಲ. ಎದೆಹಾಲು ಕಟ್ಟಿ ಜ್ವರ ಬಂದಿತ್ತು. ಶ್ರಾವಣಿ ಬಂದು ಗದರಿದಳು, ಈಗಲೂ ಉಣ್ಣದಿದ್ದರೆ ನೀನೂ ಉಳಿಯುವುದಿಲ್ಲ ಎಂದಳು. ನಾಗಜ್ಯೋತಿ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಅವ್ವ ನನ್ನ ಕಣ್ಣೆದುರು ಮೊದಲು ಉಂಡರೆ ಉಣ್ಣುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳು. ಒಂದು ದಿನ ಹೋಯಿತು. ಎರಡನೇ ದಿನವೂ ಭೀಮಕ್ಕ, ನಿಮ್ಮೆಲ್ಲರದಾಗಲಿ, ಆಮೇಲೆ ನಾನು ಎನ್ನುತ್ತಲೇ ಇದ್ದಳು. ಅಷ್ಟೆಲ್ಲ ಆದಮೇಲೂ ಅವಳ ಬಾಯಿಂದ ಬೇರೆ ಮಾತು ಬರುತ್ತಿರಲಿಲ್ಲ. ಗಂಡನಿಗಿಂತ ಮೊದಲು ತಾನು ಕೂರುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ನಾನು ಮೊಸರು ಕೊಡಲು ಹೋದಾಗ ಉಚ್ಚೀರಪ್ಪ ಒಲೆಯ ಮುಂದೆ ನಿಂತಿದ್ದ. ಒಂದು ಕೈ ಗೋಡೆಗೆ ಆನಿಸಿ, ಇನ್ನೊಂದು ಕೈಯಿಂದ ಎರಡು ತಟ್ಟೆ ಹಾಕಿದ. ಹೆಂಡತಿಯ ರಟ್ಟೆ ಹಿಡಿದು ಮಗಳ ಪಕ್ಕ ಕೂರಿಸಿದ. ಮೊದಲು ಮಗಳಿಗೆ ಬಡಿಸಿದ. ಆಮೇಲೆ ಹೆಂಡತಿಯ ತಟ್ಟೆಯ ಮೇಲೆ ಸೌಟು ಹಿಡಿದು, ಎಷ್ಟು ಹಾಕಲಿ ಎಂದು ಕೇಳಿದ.

ಭೀಮಕ್ಕ ತಟ್ಟೆಯನ್ನೇ ನೋಡುತ್ತಾ ಕೂತಳು. ಏಳು ಮಂದಿಯ ಮನೆಗೆ ಎಷ್ಟು ಅಕ್ಕಿ, ನಾಲ್ಕು ಮಂದಿಗೆ ಎಷ್ಟು ಬೇಳೆ, ಬಾಣಂತಿಗೆ ಎಷ್ಟು, ಕೆಲಸದಿಂದ ಬಂದ ಗಂಡಸಿಗೆ ಎಷ್ಟು ಎಂದು ಓಣಿಗೆಲ್ಲ ಕೈಯಳತೆ ಹೇಳಿಕೊಟ್ಟವಳು. ಆಮೇಲೆ ತಪ್ಪು ಮಾಡಿದವಳ ಹಾಗೆ ಗಂಡನ ಮುಖ ನೋಡಿದಳು.

"ನನಗ ಎಷ್ಟು ಬೇಕಾಗತೈತೋ ನನಗ ಗೊತ್ತಿಲ್ಲ," ಎಂದಳು.

ಉಚ್ಚೀರಪ್ಪ ಒಂದು ಸೌಟು ಹಾಕಿದ, ಸೌಟನ್ನು ಕೆಳಗಿಡದೆ ಹಾಗೇ ಕಾದ. ಭೀಮಕ್ಕ ಉಂಡಳು. ಕಣ್ಣೀರು ತಟ್ಟೆಗೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ತುತ್ತಿನ ಮೇಲೆ ತುತ್ತು ಉಂಡಳು. ತಟ್ಟೆ ಖಾಲಿಯಾಯಿತು. ಅವಳು ಅದನ್ನು ಮುಂದಕ್ಕೆ ಚಾಚಿ, ಇನ್ನೊಂದಿಷ್ಟು ಹಾಕು ಎಂದಳು. ಆಮೇಲೆ ನಾಗಜ್ಯೋತಿ ತನ್ನ ತಟ್ಟೆಗೆ ಕೈ ಹಾಕಿದಳು.